ಒಂದು ಆಶ್‌ಟ್ರೇಗೆ ಬೆಂಗಳೂರಿನ ಆನೆಮರಿ

ಪ್ರಿಯ ಓದುಗರೇ,

ಬೆಂಗಳೂರಿನಿಂದ ವಿಮಾನ ಹತ್ತಿ ಪರದೇಶ ಸೇರಿದವರ ಸುದ್ದಿ ನಮ್ಮ ಪತ್ರಿಕೆಯಲ್ಲಿ ಬೇಕಾದಷ್ಟು ಬಂದಿದೆ. ಆದರೆ 1967ರ ಆನೆಮರಿಯ ಸುದ್ದಿ ಬಂದಿಲ್ಲ. ಆಗ ಏರ್ ಇಂಡಿಯಾದ ಮುಖ್ಯ ಕಚೇರಿ ನಮ್ಮ ಬೊಂಬಾಯಿಯಲ್ಲೇ ಇತ್ತು. ದೊಡ್ಡ ಪ್ರಯಾಣಿಕರಿಗೆ ಉಡುಗೊರೆಯಾಗಿ ಕೊಡಲು ಒಂದು ಆಶ್‌ಟ್ರೇ ಮಾಡಿಕೊಡಿ ಅಂತ ಅವರು ಚಿತ್ರಕಾರ ಸಾಲ್ವಡೋರ್ ಡಾಲಿಯನ್ನು ಕೇಳಿದರು. (ನಮ್ಮ ಸಿನಿಮಾದ ಡಾಲಿ ಅಲ್ಲ ಮತ್ತೆ, ಸ್ಪೇನಿನವನು.) ಅವನು ಒಪ್ಪಿದ. ದುಡ್ಡು ಬೇಡ, ಒಂದು ಆನೆಮರಿ ಕೊಡಿ ಅಂದ.

ಕೊಟ್ಟರು! ಬೆಂಗಳೂರಿನಿಂದ ಜಿನೀವಾವರೆಗೆ ವಿಮಾನದಲ್ಲಿ, ಅಲ್ಲಿಂದ ಲಾರಿಯಲ್ಲಿ, ಜೊತೆಗೊಬ್ಬ ಮಾವುತ. ಹೀಗೆ ಅದು ಡಾಲಿ ಇದ್ದ ಕಡಾಕೆಸ್ ಎಂಬ ಸಮುದ್ರ ತೀರದ ಊರಿಗೆ ತಲುಪಿತು. ಊರಿಗೆ ಊರೇ ನೋಡಲು ಬಂದಿತ್ತಂತೆ. ಕೊನೆಗೆ ಅದು ಸ್ಪೇನಿನ ಒಂದು ಮೃಗಾಲಯ ಸೇರಿತು. ಕೇಳೋಕೆ ಮಜಾ ಇದೆ, ಆದರೆ ಆ ಮರಿಯನ್ನು ಯಾರು ಕೇಳಿದ್ದರು ಹೇಳಿ.

ವಾಟ್ಸಾಪಿನಲ್ಲಿ ಓಡಾಡುವ ಈ ಕತೆ ಇಲ್ಲಿಗೇ ಮುಗಿಯುತ್ತದೆ. ನನಗೆ ಮಾತ್ರ ಆನೆಗಿಂತ ಆಶ್‌ಟ್ರೇ ಮೇಲೇ ಕಣ್ಣು. ಬಿಳಿ ಪಿಂಗಾಣಿಯದು, ಫ್ರಾನ್ಸಿನ ಲಿಮೋಜ್‌ನಲ್ಲಿ ಮಾಡಿಸಿದ್ದು. ನಡುವೆ ಚಿಪ್ಪಿನಂಥ ಬಟ್ಟಲು, ಅಂಚಿಗೆ ಸುತ್ತಿಕೊಂಡ ಹಾವು. ಅದನ್ನು ಹೊತ್ತ ಕಾಲುಗಳಲ್ಲಿದೆ ಅಸಲಿ ಕೈಚಳಕ. ಹಂಸದಂತೆ ಕಾಣುವುದನ್ನು ತಲೆಕೆಳಗು ಮಾಡಿ ನೋಡಿದರೆ ಹಂಸದ ಕತ್ತು ಸೊಂಡಿಲಾಗುತ್ತದೆ, ರೆಕ್ಕೆ ಕಿವಿಯಾಗುತ್ತದೆ, ಆನೆಯ ತಲೆ ಎದುರಿಗೆ ಬಂದು ನಿಲ್ಲುತ್ತದೆ. ಇದೇನು ಏರ್ ಇಂಡಿಯಾಕ್ಕೆ ಅಂತ ಆಗ ಹೊಳೆದದ್ದಲ್ಲ. 1937ರಲ್ಲೇ ಕೊಳದ ಹಂಸಗಳ ನೆರಳು ನೀರಿನಲ್ಲಿ ಆನೆಗಳಾಗಿ ಕಾಣುವ ಚಿತ್ರವನ್ನು ಅವನು ಬರೆದಿದ್ದ.

ಡಾಲಿ ಹುಟ್ಟಿದ್ದು 1904ರಲ್ಲಿ, ಫಿಗೆರೆಸ್ ಎಂಬ ಊರಿನಲ್ಲಿ. ಅವನಿಗಿಂತ ಮೊದಲು ಹುಟ್ಟಿ ತೀರಿಕೊಂಡಿದ್ದ ಅಣ್ಣನ ಹೆಸರನ್ನೇ ಇವನಿಗೂ ಇಟ್ಟಿದ್ದರು. ಮ್ಯಾಡ್ರಿಡ್‌ನ ಕಲಾಶಾಲೆಯಲ್ಲಿ ನನ್ನನ್ನು ಪರೀಕ್ಷೆ ಮಾಡುವಷ್ಟು ಯೋಗ್ಯತೆ ನಿಮಗಿಲ್ಲ ಅಂತ ಮೇಷ್ಟ್ರುಗಳಿಗೇ ಹೇಳಿ 1926ರಲ್ಲಿ ಹೊರಬಿದ್ದ. 1936ರಲ್ಲಿ ಲಂಡನ್ನಿನಲ್ಲಿ ಮುಳುಗುಗಾರರ ಉಡುಪು ತೊಟ್ಟು ಭಾಷಣಕ್ಕೆ ನಿಂತು, ಉಸಿರು ಕಟ್ಟಿ ಸಾಯುವಂತಾಗಿ ಪಕ್ಕದವರು ಬಿಡಿಸಬೇಕಾಯಿತು. ಕನಸನ್ನು, ಒಳಮನಸ್ಸನ್ನು ಕುಂಚಕ್ಕೆ ತರುತ್ತೇವೆ ಅಂತ ಹೊರಟ ಸರ್ರಿಯಲಿಸ್ಟ್ ಗುಂಪಿಗೂ ಇವನ ಸಹವಾಸ ಸಾಕಾಯಿತು. ಗುಂಪಿನ ಮುಂದಾಳು ಆಂದ್ರೆ ಬ್ರೆತಾನ್, ಇವನ ಹೆಸರಿನ ಅಕ್ಷರಗಳನ್ನೇ ಹಿಂದೆಮುಂದೆ ಮಾಡಿ, ಡಾಲರಿಗೆ ಬಾಯಿ ಬಿಡುವವನು ಎಂಬರ್ಥ ಬರುವ 'ಅವಿಡಾ ಡಾಲರ್ಸ್' ಅಂತ ಹೊಸ ಹೆಸರಿಟ್ಟ. ಸುಳ್ಳಲ್ಲ ಬಿಡಿ. ಚುಪಾ ಚುಪ್ಸ್ ಲಾಲಿಪಾಪಿನ ಲೋಗೋ ಇವನದೇ, 1969ರದು. ಮುಪ್ಪಿನಲ್ಲಿ ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಟ್ಟ, ಅದರ ಮೇಲೆ ಯಾರ್ಯಾರೋ ಏನೇನೋ ಅಚ್ಚು ಹಾಕಿ ಮಾರಿದರು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನನ್ನು ಹೊಗಳಿದ. ಇದನ್ನೆಲ್ಲ ಹುಚ್ಚಾಟ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆದರೂ ಕರಗಿ ಜೋತುಬಿದ್ದ ಗಡಿಯಾರಗಳ ಆ ಚಿತ್ರವನ್ನು ಒಮ್ಮೆ ಸರಿಯಾಗಿ ನೋಡಿ. 1931ರದು, ಈಗ ನ್ಯೂಯಾರ್ಕಿನಲ್ಲಿದೆ. ಅಳತೆ ಬರೀ 24 ಸೆಂಟಿಮೀಟರ್ ಎತ್ತರ, 33 ಅಗಲ. ಬಿಚ್ಚಿ ಹಿಡಿದರೆ ನಮ್ಮ ಈ ಸುದ್ದಿಪತ್ರವೇ ಅದಕ್ಕಿಂತ ದೊಡ್ಡದು! ಎಲ್ಲರೂ ಗಡಿಯಾರ ನೋಡುತ್ತಾರೆ, ಜಾಸ್ತಿ ಅಂದರೆ ಅದರಲ್ಲೊಂದಕ್ಕೆ ಮುತ್ತಿದ ಇರುವೆಗಳನ್ನು. ಹಿಂದೆ ಬಿಸಿಲು ಬಿದ್ದ ಬಂಡೆ ಇದೆಯಲ್ಲ, ಅದು ಕನಸಿನದಲ್ಲ. ಅವನ ಸೀಮೆಯದೇ ಕಡಲ ತೀರ, ಕಾಪ್ ದೆ ಕ್ರೆಯುಸ್. ಪ್ಯಾರಿಸ್‌ನಲ್ಲಿದ್ದ, 1940ರಿಂದ 1948ರವರೆಗೆ ಅಮೆರಿಕದಲ್ಲಿದ್ದ, ಎಲ್ಲಿ ಹೋದರೂ ಚಿತ್ರದ ಹಿಂದೆ ಆ ಬಂಡೆ, ಆ ಬಯಲು, ಆ ಬೆಳಕು ಬರುತ್ತಲೇ ಇತ್ತು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರೂ ಅಷ್ಟೇ ಅಲ್ವಾ? ಜೆ.ಜೆ. ಸ್ಕೂಲಿನಲ್ಲಿ ಕಲಿತು ಮುಂಬಯಿಯಲ್ಲೇ ನೆಲೆಸಿದರು, ಆದರೆ ಗೆರೆಗಳಲ್ಲಿ ಕುಣಿದದ್ದು ಊರು. ಇಬ್ಬರ ದಾರಿ ಬೇರೆ, ಸ್ವಭಾವ ಬೇರೆ. ಹೆಬ್ಬಾರರು ಡಾಲಿಯಂತೆ ಮೀಸೆ ತಿರುವಿ ಕ್ಯಾಮೆರಾ ಮುಂದೆ ನಿಂತವರಲ್ಲ. ಆದರೆ ಊರನ್ನು ಬಿಟ್ಟೂ ಬಿಡದವರು ಅನ್ನುವುದರಲ್ಲಿ ಇಬ್ಬರೂ ನಮ್ಮ ಪೈಕಿಯವರೇ ಅಂತ ನನ್ನ ಲೆಕ್ಕ.

ಡಾಲಿ 1989ರಲ್ಲಿ ಫಿಗೆರೆಸ್‌ನಲ್ಲೇ ತೀರಿಕೊಂಡ. ತಾನೇ ಕಟ್ಟಿಸಿದ ಮ್ಯೂಸಿಯಮ್ಮಿನೊಳಗೇ ಅವನ ಸಮಾಧಿ.

ಈಗ ಒಂದು ಕೆಲಸದ ಮಾತು. ನಮ್ಮ ಸಂಘದ ಹಿರಿಯರಲ್ಲಿ ಏರ್ ಇಂಡಿಯಾದಲ್ಲಿ ದುಡಿದು ನಿವೃತ್ತರಾದವರು ಇದ್ದೀರಿ. ಆ ಆಶ್‌ಟ್ರೇಯನ್ನು ಕಣ್ಣಾರೆ ಕಂಡಿದ್ದರೆ, ಆ ಆನೆ ಹಾರಿದ ಕಾಲದ ಆಫೀಸಿನ ಹರಟೆ ನೆನಪಿದ್ದರೆ, ನಾಲ್ಕು ಸಾಲು ಬರೆದು ಕಳಿಸಿ. ಬರೆಯೋಕೆ ಬೇಜಾರಾದರೆ ಫೋನ್ ಮಾಡಿ, ನಾನೇ ಬರೆದುಕೊಳ್ಳುತ್ತೇನೆ. ಆನೆಯ ಜೊತೆ ಹೋದ ಮಾವುತನ ಮನೆಯವರ ಪರಿಚಯ ಯಾರಿಗಾದರೂ ಇದ್ದರಂತೂ ಮುಂದಿನ ಸಂಚಿಕೆಯ ಮುಖಪುಟವೇ ನಿಮ್ಮದು.

— ಸಂಪಾದಕ