ಫೋನ್ ಕಟ್ ಮಾಡಿದ ಮಗಳಿಗೆ

ಪುಟ್ಟಿ,

"ರಿಸಲ್ಟ್ ಬಂತಾ ಅಂತ ದಿನಾ ಕೇಳಬೇಡಮ್ಮಾ" ಅಂತ ಫೋನ್ ಕಟ್ ಮಾಡಿದೆಯಲ್ಲ, ಅದಕ್ಕೇ ಬರೀತಿದ್ದೀನಿ. ಜಿಎನ್ಎಂ ನರ್ಸಿಂಗ್ ಕೋರ್ಸಿಗೆ ಸೇರಿಸುವಾಗಿನ ಫೀಸು, ನಿಮ್ಮಪ್ಪನ ಜತೆ ಆದ ಜಗಳ, ಅದನ್ನೆಲ್ಲ ಮತ್ತೆ ತೆಗೆಯಲ್ಲ.

ಹೊರಗಿನಿಂದ ಬಂದ ಎಕ್ಸಾಮಿನರ್ ಪಿಪಿಎಚ್, ಅಂದರೆ ಹೆರಿಗೆ ಆದಮೇಲೆ ವಿಪರೀತ ರಕ್ತ ಹೋಗೋದರ ಬಗ್ಗೆ ಕೇಳಿದಾಗ ಬಾಯಿ ಕಟ್ಟಿಹೋಯ್ತು ಅಂದೆ. ನೀನು ಉತ್ತರ ಹೇಳೋ ಹೊತ್ತಿಗೆ ಅವರು ಕೇಸ್ ಬುಕ್ ಮುಚ್ಚಿದ್ದರಂತೆ. ಥಿಯರಿಯಲ್ಲಿ ಎಷ್ಟೇ ಬರಲಿ, ಪ್ರಾಕ್ಟಿಕಲ್‌ನಲ್ಲಿ ಬೇರೆಯಾಗೇ 50 ಪರ್ಸೆಂಟ್ ಬರಬೇಕು ಅನ್ನೋದು ನನಗೂ ಗೊತ್ತು.

ನೀನು ಐದನೇ ಕ್ಲಾಸಿನಲ್ಲಿದ್ದಾಗ, ಮನೇಲಿ ಯಾರೂ ಇಲ್ಲ ಅಂತ ಹೆರಿಗೆ ನೋವು ಬಂದವಳ ಜತೆ ನಿನ್ನನ್ನೂ 108 ಆಂಬುಲೆನ್ಸ್‌ನಲ್ಲಿ ಕೂರಿಸಿಕೊಂಡು ಪಿಎಚ್‌ಸಿಗೆ ಹೋಗಿದ್ದೆ. ನೀನು ಬೆಂಚಿನ ಮೇಲೆ ನಿದ್ದೆ ಹೋದೆ. ಒಳಗೆ ಆದದ್ದು ನಿನಗೆ ಗೊತ್ತಿಲ್ಲ. ಹೆರಿಗೆ ಸಲೀಸಾಗೇ ಆಯ್ತು, ಮಾಸೂ ಬಿತ್ತು. ಮಗು ಅಳ್ತಿತ್ತು, ನಾವೆಲ್ಲ ನಗ್ತಿದ್ವಿ. ಸಿಸ್ಟರ್ ಒಬ್ಬರೇ ನಗಲಿಲ್ಲ. ಬಾಣಂತಿಯ ಸೊಂಟದ ಕೆಳಗೆ ಕೈಹಾಕಿ ನೋಡಿದರು, ಅಂಗೈ ತುಂಬ ರಕ್ತ. ಕರೆಂಟ್ ಹೋಗಿತ್ತು, ಮೊಬೈಲ್ ಟಾರ್ಚ್ ಹಿಡಿದವಳು ನಾನು. ಹೊಟ್ಟೆ ಮೇಲಿಂದ ಗರ್ಭಕೋಶ ಉಜ್ಜೋಕೆ ಶುರು ಮಾಡಿದವರು ಬಿಡಲೇ ಇಲ್ಲ. "ಏನಾಗ್ತಿದೆ ಸಿಸ್ಟರ್" ಅಂದೆ. ಉತ್ತರ ಇಲ್ಲ. ಮತ್ತೆ ಕೇಳಿದೆ. ಇಲ್ಲ. ಕಣ್ಸನ್ನೆಯಲ್ಲೇ ಆಯಾ ಕೈಲಿ ಇಂಜೆಕ್ಷನ್ ತರಿಸಿ ಡ್ರಿಪ್‌ಗೆ ಹಾಕಿದರು. ನೆನೆದ ಪ್ಯಾಡ್‌ಗಳನ್ನು ಎಸೆಯದೆ ಟ್ರೇನಲ್ಲೇ ಇಡಿಸಿದರು, ಎಷ್ಟು ರಕ್ತ ಹೋಯ್ತು ಅನ್ನೋ ಲೆಕ್ಕಕ್ಕೆ. ನಿನ್ನ ಪುಸ್ತಕದಲ್ಲಿ 500 ಎಂಎಲ್ ರಕ್ತ ಹೋದರೆ ಪಿಪಿಎಚ್ ಅಂತ ಒಂದು ಸಾಲು ಇದೆ. ಸೀರೆ ನೆರಿಗೆಯಲ್ಲಿ, ಹಾಸಿಗೆಯಲ್ಲಿ ಇಂಗಿಹೋದದ್ದನ್ನು ಹೇಗೆ ಅಳೀತೀಯ? ಕೊನೆಗೆ ನನ್ನ ಕೈ ಹಿಡಿದು ಆಕೆಯ ಹೊಟ್ಟೆ ಮೇಲಿಟ್ಟರು. ಗರ್ಭಕೋಶ ಸುಲಿದ ತೆಂಗಿನಕಾಯಿ ಥರ ಗಟ್ಟಿಯಾಗಿತ್ತು. ಆಗ ಬಾಯಿಬಿಟ್ಟರು, "ನೀರು ಕೊಡ್ರೀ" ಅಂತ.

ನೀನು ಬಾಯಿ ಕಟ್ಟಿತು ಅಂದಾಗಿನಿಂದ ಕಣ್ಣ ಮುಂದೆ ಅವರೇ. ಅವರಿಗೆ ಬಾಯಿ ಕಟ್ಟಿತ್ತು, ಕೈ ಕಟ್ಟಿರಲಿಲ್ಲ. ನಿನ್ನ ಕೈ? ನನ್ನ ಭಯ ಅದೊಂದೇ, ಮಾರ್ಕ್ಸ್ ಅಲ್ಲ. ಸರಿ, ಮಾರ್ಕ್ಸೂ ಭಯವೇ.

ಕೇಸ್ ಬುಕ್‌ನಲ್ಲಿ 20 ಹೆರಿಗೆ ಬರೆದಿದ್ದೀಯ. ಅದರಲ್ಲಿ ನೀನೇ ಮಾಡಿಸಿದ್ದು ಎಷ್ಟು, ನಿಂತು ನೋಡಿದ್ದು ಎಷ್ಟು ಅಂತ ನಾನು ಕೇಳಲ್ಲ, ನೀನೇ ಕೇಳಿಕೋ. ಮಗು ಹೊರಬಂದ ಒಂದು ನಿಮಿಷದೊಳಗೆ ಗರ್ಭಕೋಶ ಗಟ್ಟಿ ಮಾಡೋ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್, ಮರೀಬೇಡ. ಪ್ಯಾಡ್ ನೋಡದೆ ಶೀಟಲ್ಲಿ 'ನಾರ್ಮಲ್' ಅಂತ ಬರೀಬೇಡ. ಬಾಣಂತಿ ತಲೆ ಸುತ್ತುತ್ತೆ ಅಂದರೆ ಊಟ ಮಾಡಿಲ್ಲ ಅದಕ್ಕೇ ಅನ್ನಬೇಡ, ಮೊದಲು ನಾಡಿ ನೋಡು, ಬಿಪಿ ನೋಡು. ಅಯ್ಯೋ, ಉಪದೇಶ ಬೇಡ ಅಂದುಕೊಂಡೇ ಕೂತಿದ್ದೆ. ಎಸ್ಸೆಸ್ಸೆಲ್ಸಿ ಓದಿದ ಆಶಾ ಕಾರ್ಯಕರ್ತೆ ನರ್ಸ್‌ಗೆ ಪಾಠ ಹೇಳ್ತಿದ್ದಾಳೆ ಅಂತ ನಗು ಬೇಕಾದರೆ.

ಊರಲ್ಲಿ ಬಿಪಿ ಇರೋ ಅಜ್ಜಿಯರೆಲ್ಲ ಈಗಲೇ "ನಿನ್ ಮಗಳು ಸಿಸ್ಟರ್ ಯಾವಾಗ ಬರ್ತಾಳೆ" ಅಂತಾರೆ. ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಆಗೋವರೆಗೂ ಸಿಸ್ಟರ್ ಅಲ್ಲ ಅಂತ ಗತ್ತಿನಿಂದಲೇ ಹೇಳ್ತೀನಿ.

ನಿನ್ನೆ ನನ್ನ ಮಾತು ಚುಚ್ಚಿದ್ದರೆ ಬಿಡು. ಹಾಸ್ಟೆಲ್‌ನಲ್ಲಿ ಊಟ ಬಿಡಬೇಡ. ಫೇಲಾದರೆ ಸಪ್ಲಿಮೆಂಟರಿ ಕಟ್ಟೋಣ, ನಿಮ್ಮಪ್ಪನಿಗೆ ನಾನು ಹೇಳ್ತೀನಿ. ಮಂಗಳವಾರ ಪಿಎಚ್‌ಸಿಯಲ್ಲಿ ಮೀಟಿಂಗು, ಫೋನ್ ಬ್ಯಾಗಲ್ಲಿರುತ್ತೆ. ಆವತ್ತೇ ರಿಸಲ್ಟ್ ಬಂದರೆ ಎರಡು ಸಲ ರಿಂಗ್ ಕೊಡು, ಹೊರಗೆ ಬಂದು ಮಾತಾಡ್ತೀನಿ.

ಅಮ್ಮ