ಮೂರನೇ ಬೇಸಿನ ಬಳಿ ಬಿದ್ದವನನ್ನು ಬರೆ

ಮಗು,

ಆಶೀರ್ವಾದಗಳು. ವೆನಿಜುವೆಲಾದ ಬೇಸ್‌ಬಾಲ್ ಆಟಗಾರ ಲೂಯಿಸ್ ಅಪಾರಿಸಿಯೊನ ಜೀವನ ಕುರಿತ ನಿನ್ನ ಹಸ್ತಪ್ರತಿ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಜೊತೆಗಿದ್ದ ಪತ್ರವನ್ನು ಅದಕ್ಕಿಂತ ಹೆಚ್ಚು ಸಲ ಓದಿದೆ. "ಇನ್ನು ಬರೆಯುವುದಿಲ್ಲ, ಇಷ್ಟು ಸಾಕು" ಎಂದವನು ಕೊನೆಗೆ ವಂದನೆ ಹೇಳುವುದನ್ನೂ ಮರೆತಿದ್ದೀಯ. ನೊಂದು ಬರೆದ ಕಾಗದಕ್ಕೆ ಮರುದಿನವೇ ಉತ್ತರಿಸಬಾರದೆಂದು ಕಾದೆ. ಪರಿಚಯವಿಲ್ಲದವರನ್ನು ಏಕವಚನದಲ್ಲಿ ಕರೆಯುವ ರೂಢಿ ನನಗಿಲ್ಲ. ಆದರೆ ನಾನು ನಿನ್ನ ಅಜ್ಜಿಯ ವಯಸ್ಸಿನವಳು, ಮೇಲಾಗಿ ಇನ್ನೂರು ಪುಟ ಓದಿದ ಮೇಲೆ ನೀನು ಅಪರಿಚಿತನಾಗಿ ಉಳಿದಿಲ್ಲ.

ಅಧ್ಯಾಯಗಳನ್ನು ಹೇಗೆ ಜೋಡಿಸಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ. ನಿನ್ನ ಒತ್ತಕ್ಷರಗಳನ್ನು ತಿದ್ದುವವರೂ ಸಿಗುತ್ತಾರೆ. ಅದಕ್ಕೆಲ್ಲ ನನ್ನ ಬಳಿ ಸಮಯವಿಲ್ಲ.

ಮೊದಲು ಸಂತೋಷದ ಮಾತು. ನಿನ್ನ ಐದನೆಯ ಪುಟ. ಷಿಕಾಗೊಗೆ ಕೆಲಸಕ್ಕೆ ಹೋದ ಹೊಸದರಲ್ಲಿ ಆಟದ ಗಂಧಗಾಳಿಯೂ ಇಲ್ಲದೆ ಸಹೋದ್ಯೋಗಿಗಳ ಹಿಂದೆ ಆ ಊರಿನ ವೈಟ್ ಸಾಕ್ಸ್ ತಂಡದ ಮೈದಾನಕ್ಕೆ ಹೋದೆಯಲ್ಲ, ಅಲ್ಲಿ ಎರಡು ಕಂಚಿನ ಪ್ರತಿಮೆಗಳನ್ನು ಕಂಡೆಯಲ್ಲ, ಆ ಪುಟ. ಸೆಕೆಂಡ್ ಬೇಸಿನ ಆಟಗಾರ ನೆಲ್ಲಿ ಫಾಕ್ಸ್ ಚೆಂಡು ಕೊಡುವ ಭಂಗಿಯಲ್ಲಿ, ಶಾರ್ಟ್‌ಸ್ಟಾಪ್ ಲೂಯಿಸ್ ಅಪಾರಿಸಿಯೊ ಅದನ್ನು ಪಡೆಯುವ ಭಂಗಿಯಲ್ಲಿ. ಎಲ್ಲರೂ ಪ್ರತಿಮೆಗಳನ್ನು ನೋಡುತ್ತಿದ್ದಾಗ ನೀನು ಅವೆರಡರ ನಡುವಿನ ಖಾಲಿ ಜಾಗವನ್ನು ನೋಡುತ್ತ ನಿಂತೆ. ಚೆಂಡು ದಾಟಬೇಕಾದ ಆ ನಾಲ್ಕು ಹೆಜ್ಜೆಯ ಗಾಳಿಯ ಬಗ್ಗೆ ಬರೆದೆ. ಓದಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಲಿತು ಬರುವ ಕಣ್ಣಲ್ಲ ಅದು.

ಶಾರ್ಟ್‌ಸ್ಟಾಪ್ ಎಂದರೇನು ಎಂದು ವಿವರಿಸಿದ ಪುಟಗಳೂ ಅಷ್ಟೇ ಚೆನ್ನಾಗಿವೆ. ರನ್ನಿಗಾಗಿ ಓಡುವವನು ಒಂದೊಂದಾಗಿ ಮುಟ್ಟಬೇಕಾದ ಬೇಸುಗಳಲ್ಲಿ ಎರಡನೆಯ ಮತ್ತು ಮೂರನೆಯದರ ನಡುವೆ ನಿಂತವನ ಕಡೆ ಚೆಂಡು ನೆಲ ಬಡಿಯುತ್ತ, ಎಲ್ಲಿ ಎಗರುತ್ತದೋ ತಿಳಿಯದಂತೆ ನುಗ್ಗಿ ಬರುತ್ತದೆ. ಹೊಡೆದವನು 90 ಅಡಿ ಓಡಿ ಮೊದಲ ಬೇಸ್ ಮುಟ್ಟಲು ನಾಲ್ಕು ಸೆಕೆಂಡು ಚಿಲ್ಲರೆ ಸಾಕು. ಅಷ್ಟರೊಳಗೆ ಬಾಗಿ ಹಿಡಿದು, ಎದ್ದು, ಮೈದಾನದ ಆ ತುದಿಗೆ ಎಸೆಯಬೇಕು. ಇದನ್ನು ದಿನವೂ ಮಾಡುತ್ತ ಅಪಾರಿಸಿಯೊ ಎಂಬ ಒಬ್ಬ ಮನುಷ್ಯ 18 ವರ್ಷ, 2,500ಕ್ಕೂ ಹೆಚ್ಚು ಪಂದ್ಯ, ಅದೊಂದೇ ಜಾಗದಲ್ಲಿ ನಿಂತ, ಇನ್ನೆಲ್ಲೂ ನಿಲ್ಲಲಿಲ್ಲ ಎಂದು ನೀನು ಬರೆದಾಗ ಆ ಸಂಖ್ಯೆಗೆ ಮೈ ಬಂದಿತು. 1956ರಲ್ಲಿ ಆತ ಬರೀ 21 ಬೇಸ್ ಕದ್ದು, ಅಂದರೆ ಬ್ಯಾಟಿನ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ, ಲೀಗಿಗೇ ಮೊದಲಿಗನಾದ ಎಂಬಲ್ಲಿಯೂ ಹಾಗೆಯೇ: ಎಲ್ಲರೂ ಚೆಂಡನ್ನು ಮೈದಾನದಾಚೆ ಹೊಡೆಯುವ ಹೋಮ್ ರನ್ನಿಗಾಗಿ ಕಾಯುತ್ತಿದ್ದ ಕಾಲ ಅದು, ಓಡುವುದನ್ನೇ ಜನ ಮರೆತಿದ್ದರು ಎಂದು ಹೇಳಿದ್ದೀಯ. ಅಲ್ಲಿಂದ ಸತತ ಒಂಬತ್ತು ವರ್ಷ ಆತನೇ ಮೊದಲಿಗ. 1959ರಲ್ಲಿ 56. ಆ ವರ್ಷ ವೈಟ್ ಸಾಕ್ಸ್ ನಲವತ್ತು ವರ್ಷಗಳ ಬಳಿಕ ಅಮೆರಿಕನ್ ಲೀಗ್ ಗೆದ್ದಿತು.

ಪ್ರತಿ ಮೂರು ಪುಟಕ್ಕೊಮ್ಮೆ ಗುಂಡಪ್ಪ ವಿಶ್ವನಾಥರನ್ನು ಕರೆದು ತರುವುದನ್ನು ಮಾತ್ರ ನಿಲ್ಲಿಸು. ಇಬ್ಬರೂ ಕುಳ್ಳಗಿದ್ದರು ಎನ್ನುವುದು ಹೋಲಿಕೆಯಾಗುವುದಿಲ್ಲ. ನಮ್ಮ ಓದುಗ ಅಪಾರಿಸಿಯೊನ ಊರಾದ ಮರಕೈಬೊದ ಸೆಕೆಯನ್ನು, ಆ ಸರೋವರವನ್ನು, ಎಣ್ಣೆ ಬಾವಿಗಳನ್ನು ನೇರವಾಗಿ ಕಾಣಬಲ್ಲ. ಅವನ ಕೈ ಹಿಡಿದು ಭದ್ರಾವತಿಯ ಮೂಲಕ ಕರೆದೊಯ್ಯಬೇಕಾಗಿಲ್ಲ.

ಈಗ ನನಗೆ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

1953ರ ನವೆಂಬರ್ 18. ಚಿಕಿಂಕಿರಾ ಮಾತೆಯ ಉತ್ಸವ, ಮರಕೈಬೊಗೆ ಊರ ಹಬ್ಬ. ಅಪಾರಿಸಿಯೊನ ಅಪ್ಪ ಲೂಯಿಸ್ ಅಪಾರಿಸಿಯೊ ಒರ್ತೇಗಾ ಆ ನಾಡಿನಲ್ಲೇ ಹೆಸರಾಂತ ಶಾರ್ಟ್‌ಸ್ಟಾಪ್, "ಮರಕೈಬೊದ ದೊಡ್ಡವ" ಎಂದೇ ಜನ ಕರೆಯುತ್ತಿದ್ದವರು. ಅವರು ಬ್ಯಾಟು ಹಿಡಿದು ಮೊದಲಿಗರಾಗಿ ಬಂದರು, ಒಂದೇ ಒಂದು ಎಸೆತವನ್ನು ಹಾಗೆಯೇ ಬಿಟ್ಟರು, ಹತ್ತೊಂಬತ್ತರ ಮಗನನ್ನು ಕರೆದು ತಮ್ಮ ಜಾಗದಲ್ಲಿ ನಿಲ್ಲಿಸಿ ಹೊರನಡೆದರು. ಇಷ್ಟು ನಡೆದದ್ದು. ಇದಕ್ಕಿಂತ ಏನು ಬೇಕು? ನೀನು ಅಪ್ಪನ ಕಣ್ಣಿಂದ ಒಂದು ಹನಿ ತೆಗೆದು ಮಗನ ಗ್ಲೌಸಿನ ಮೇಲೆ ಬೀಳಿಸಿದ್ದೀಯ. ಆ ಹನಿಯನ್ನು ಯಾರು ಕಂಡರು? ನೀನಂತೂ ಕಾಣಲಿಲ್ಲ. ಒಂದು ಎಸೆತವನ್ನು ಹೊಡೆಯದೆ ಬಿಟ್ಟ ಮನುಷ್ಯನಿಗೆ ನಿನ್ನ ಕಣ್ಣೀರಿನ ಸಹಾಯ ಬೇಡವಾಗಿತ್ತು.

ಇಲ್ಲದ್ದನ್ನು ಸೇರಿಸಿದ್ದನ್ನಾದರೂ ಕ್ಷಮಿಸುತ್ತಿದ್ದೆ. ಪ್ರೀತಿಯಿಂದ ಮಾಡಿದ ತಪ್ಪು ಅದು. ಇದ್ದದ್ದನ್ನು ಮುಚ್ಚಿದ್ದನ್ನು ಹೇಗೆ ಕ್ಷಮಿಸಲಿ? "1972ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಅರ್ಧ ಪಂದ್ಯದ ಅಂತರದಿಂದ ವಿಭಾಗದ ಪ್ರಶಸ್ತಿ ಕಳೆದುಕೊಂಡಿತು." 171ನೇ ಪುಟದಲ್ಲಿ ಇದೊಂದು ವಾಕ್ಯ ಬರೆದು ಮುಂದೆ ನಡೆದಿದ್ದೀಯ. ಹೇಗೆ ಕಳೆದುಕೊಂಡಿತು ಎಂಬುದು ನಿನಗೆ ಚೆನ್ನಾಗಿ ಗೊತ್ತು. ಗೊತ್ತಿದೆ ಎಂದು ನನಗೂ ಗೊತ್ತು, ಏಕೆಂದರೆ ಆ ಪುಟದಲ್ಲಿ ನಿನ್ನ ಕನ್ನಡ ಇದ್ದಕ್ಕಿದ್ದಂತೆ ಸರ್ಕಾರಿ ಸುತ್ತೋಲೆಯ ಭಾಷೆಯಾಗುತ್ತದೆ.

ಅಕ್ಟೋಬರ್ 2, ಡೆಟ್ರಾಯಿಟ್. ಡೆಟ್ರಾಯಿಟ್ ತಂಡದೆದುರು ಮೂರು ಪಂದ್ಯಗಳ ಕೊನೆಯ ಸರಣಿಯ ಮೊದಲ ದಿನ. ಬಾಸ್ಟನ್ ಅರ್ಧ ಪಂದ್ಯ ಮುಂದಿದೆ. ಮೂರನೇ ಇನ್ನಿಂಗ್ಸ್. ಕಾರ್ಲ್ ಯಾಸ್ಟ್ರೆಮ್ಸ್ಕಿ ಹೊಡೆದ ಚೆಂಡು ಮೈದಾನದ ನಡುಭಾಗದಲ್ಲಿ ಕಾವಲಿಗನನ್ನು ದಾಟಿ ಹೋಗುತ್ತದೆ. ಮುಂದಿದ್ದ ಟಾಮಿ ಹಾರ್ಪರ್ ಓಡಿ ಬಂದು ರನ್ ಗಳಿಸುತ್ತಾನೆ. ಅವನ ಹಿಂದೆ, ಆಗ ಬಾಸ್ಟನ್ ಪರ ಆಡುತ್ತಿದ್ದ ಅಪಾರಿಸಿಯೊ, ವಯಸ್ಸು 38, ಆ ಕಾಲದ ಬೇಸ್ ಓಟಗಾರರಲ್ಲೆಲ್ಲ ಚಾಣಾಕ್ಷ. ಮೂರನೇ ಬೇಸ್ ಸುತ್ತಿ, ರನ್ ಪೂರ್ತಿಯಾಗುವ ಹೋಮ್ ಪ್ಲೇಟಿನ ಕಡೆ ತಿರುಗುವಾಗ ಕಾಲು ಜಾರಿ ಬೀಳುತ್ತಾನೆ. ಎದ್ದು ಹಿಂದಕ್ಕೆ, ಮೂರನೇ ಬೇಸಿಗೆ ಬರುತ್ತಾನೆ. ಅಷ್ಟರಲ್ಲಿ ಯಾಸ್ಟ್ರೆಮ್ಸ್ಕಿಯೂ ಅಲ್ಲಿಗೇ ಬಂದಾಗಿದೆ. ಒಂದು ಬೇಸು, ಇಬ್ಬರು ಓಟಗಾರರು; ಅಲ್ಲಿ ಉಳಿಯಬಹುದಾದವನು ಒಬ್ಬನೇ. ಯಾಸ್ಟ್ರೆಮ್ಸ್ಕಿ ಔಟ್. ಬಾಸ್ಟನ್ ಆ ಪಂದ್ಯವನ್ನು 4-1ರಿಂದ ಸೋತಿತು, ಮರುದಿನವೂ ಸೋತಿತು. ಡೆಟ್ರಾಯಿಟ್ 86 ಗೆಲುವು, 70 ಸೋಲು. ಬಾಸ್ಟನ್ 85 ಗೆಲುವು, 70 ಸೋಲು. ಋತುವಿನ ಆರಂಭದಲ್ಲಿ ಆಟಗಾರರ ಮುಷ್ಕರದಿಂದ ರದ್ದಾದ ಪಂದ್ಯಗಳನ್ನು ಮತ್ತೆ ಆಡಿಸಲಿಲ್ಲ, ಹಾಗಾಗಿ ಎರಡು ತಂಡಗಳ ಪಂದ್ಯಗಳ ಲೆಕ್ಕವೇ ಸಮವಿರಲಿಲ್ಲ, ಅರ್ಧ ಪಂದ್ಯದ ಅಂತರ ಬಂದದ್ದು ಹಾಗೆ. ಇದೆಲ್ಲ ನಿನ್ನ ಟಿಪ್ಪಣಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಪುಸ್ತಕದೊಳಕ್ಕೆ ಏಕೆ ಬರಲಿಲ್ಲ?

ನಾನೇ ಹೇಳುತ್ತೇನೆ. ನಿನಗೆ ಆತನ ಮೇಲೆ ಪ್ರೀತಿ. ಓಟದಿಂದ ಹೆಸರು ಮಾಡಿದವನು ಓಡುವಾಗಲೇ ಬಿದ್ದದ್ದನ್ನು ಕನ್ನಡದ ಓದುಗರಿಗೆ ಮೊದಲ ಭೇಟಿಯಲ್ಲೇ ತೋರಿಸಲು ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದ ನೆಂಟರೆದುರು ಅಪ್ಪನ ಹರಿದ ಬನಿಯನ್ನು ಬಚ್ಚಿಡುವ ಹಾಗೆ ಬಚ್ಚಿಟ್ಟೆ.

ನಾನೂ ಬಚ್ಚಿಟ್ಟಿದ್ದೇನೆ. ಅದಕ್ಕೇ ಈ ಪತ್ರ ಇಷ್ಟುದ್ದವಾಗುತ್ತಿದೆ.

ನಲವತ್ತು ವರ್ಷಗಳ ಹಿಂದೆ ಒಬ್ಬ ಪೈಲ್ವಾನರ ಜೀವನಚರಿತ್ರೆ ಬರೆದೆ. ಹೆಸರು ಬೇಡ. ಅವರು ತಮ್ಮ ಊರಿನ ಜಾತ್ರೆಯಲ್ಲಿ, ತಮ್ಮ ಜನರೆದುರೇ, ತಮಗಿಂತ ಹತ್ತು ವರ್ಷ ಚಿಕ್ಕವನ ಕೈಯಲ್ಲಿ ಚಿತ್ ಆಗಿದ್ದರು. ಆ ಅಧ್ಯಾಯ ಬರೆದಿದ್ದೆ. ಅಭಿನಂದನಾ ಸಮಿತಿಯ ಹಿರಿಯರು ಬಂದು, "ಸನ್ಮಾನದ ಹೊತ್ತಿನಲ್ಲಿ ಇದು ಏಕೆ ತಾಯಿ?" ಎಂದರು. ತೆಗೆದುಬಿಟ್ಟೆ. ಪುಸ್ತಕ ಬಿಡುಗಡೆಯಾಯಿತು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆ ಕಾಲಕ್ಕೆ ಬಹಳ ಗೌರವವಿದ್ದ ವಿಮರ್ಶಕರೊಬ್ಬರು "ಎಲ್ಲಿಯೂ ಕಲೆಯಿಲ್ಲದ ಬರವಣಿಗೆ" ಎಂದು ಬರೆದರು. ಆ ಕತ್ತರಿಸಿದ ಹಾಳೆಯನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದೆ. ಅವರು ಹೊಗಳಿದ್ದು ನಾನು ಕಿತ್ತುಹಾಕಿದ ಪುಟಗಳನ್ನೇ ಎಂಬುದು ಅವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಆದರೂ ಖುಷಿಪಟ್ಟೆ. ಅದಕ್ಕೆ ಇಂದಿಗೂ ನಾಚುತ್ತೇನೆ.

ಮೂರು ತಿಂಗಳಾದ ಮೇಲೆ ಪೈಲ್ವಾನರು ಮನೆಗೆ ಬಂದರು. ಪುಸ್ತಕವನ್ನು ವಲ್ಲಿಯಲ್ಲಿ ಸುತ್ತಿಕೊಂಡು ತಂದಿದ್ದರು. ಮಾತಾಡುವ ಮೊದಲು ಕುಸ್ತಿಯಲ್ಲಿ ಮುದುಡಿಹೋದ ಎಡಗಿವಿಯನ್ನು ಉಜ್ಜಿಕೊಳ್ಳುವುದು ಅವರ ಅಭ್ಯಾಸ. ಉಜ್ಜಿಕೊಂಡು ಕೇಳಿದರು: "ಜಾತ್ರೆಯ ಕುಸ್ತಿ ಎಲ್ಲಿದೆ ತಾಯಿ? ಮೊಮ್ಮಗನಿಂದ ಎರಡು ಸಲ ಓದಿಸಿದೆ, ಸಿಗಲಿಲ್ಲ." ನಾನು ಏನೋ ಸಮಜಾಯಿಷಿ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ಸೋತ ಮಾರನೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಗರಡಿಗೆ ಹೋಗಿ ಒಬ್ಬನೇ ಮಟ್ಟಿ ಅಗೆದೆ. ಸೋಲನ್ನು ತೆಗೆದಿರಿ, ಹೋಗಲಿ. ಆ ಬೆಳಗಿನ ಜಾವವನ್ನೂ ತೆಗೆದುಬಿಟ್ಟಿರಲ್ಲ" ಎಂದರು. ಕಾಫಿ ಕುಡಿದು ಹೋದರು. ಎರಡನೇ ಮುದ್ರಣದಲ್ಲಿ ಸೇರಿಸುತ್ತೇನೆ ಎಂದಿದ್ದೆ. ಎರಡನೇ ಮುದ್ರಣ ಬರಲಿಲ್ಲ. ಅವರೂ ಈಗ ಇಲ್ಲ.

ನಿನ್ನ ಪುಸ್ತಕದಲ್ಲಿ ಕಾಣೆಯಾದ ಬೆಳಗಿನ ಜಾವಗಳನ್ನು ನಾನು ಎಣಿಸಿದ್ದೇನೆ. 1971. ಬಾಸ್ಟನ್‌ಗೆ ಬಂದ ಮೊದಲ ವರ್ಷ. ಸತತವಾಗಿ 44 ಬಾರಿ ಬ್ಯಾಟು ಹಿಡಿದು ನಿಂತರೂ ಒಂದು ಹಿಟ್, ಬೇಸ್ ತಲುಪಿಸುವ ಒಂದು ಹೊಡೆತ, ಬರಲಿಲ್ಲ. ನೀನು ಬರೆದದ್ದು, "ಕೆಲಕಾಲ ಲಯ ಕಳೆದುಕೊಂಡಿದ್ದರು." 44ನ್ನು "ಕೆಲಕಾಲ" ಎಂದು ಕರೆಯುವ ಅಧಿಕಾರ ನಿನಗೆ ಯಾರು ಕೊಟ್ಟರು? ಒಂದೊಂದು ಸಲವೂ ಬೆಂಚಿನಿಂದ ಎದ್ದು, ಹೆಲ್ಮೆಟ್ ಹಾಕಿಕೊಂಡು, ಸಾವಿರಾರು ಜನರೆದುರು ನಡೆದುಹೋಗಿ, ಮತ್ತೆ ಹಾಗೆಯೇ ನಡೆದು ವಾಪಸಾಗಬೇಕು. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರೇ ಧೈರ್ಯ ಹೇಳಿ ಪತ್ರ ಬರೆದರು. ಅಷ್ಟು ದೂರ ಹೋಗಿತ್ತು ಸುದ್ದಿ. ಅದೇ ವರ್ಷ ಅಭಿಮಾನಿಗಳು ಮತ ಹಾಕಿ ಆತನನ್ನು ಆಯ್ದ ತಾರೆಯರಷ್ಟೇ ಆಡುವ ಆಲ್-ಸ್ಟಾರ್ ಪಂದ್ಯಕ್ಕೆ ಆರಿಸಿ ಕಳಿಸಿದರು. ನೀನು ಆಲ್-ಸ್ಟಾರ್ ಆಯ್ಕೆಯನ್ನು ಒಂದು ಪುಟ ಹಿಗ್ಗಿಸಿ, 44ನ್ನು ಒಂದು ಸಾಲಿಗೆ ಕುಗ್ಗಿಸಿದ್ದೀಯ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ಜನ ಯಾರಿಗೆ ಮತ ಹಾಕಿದರು ಎಂಬುದು ಆಗ ಕಾಣುತ್ತದೆ.

ಇನ್ನೊಬ್ಬರಿದ್ದಾರೆ, ಚಿಕೊ ಕರಾಸ್ಕೆಲ್. ವೆನಿಜುವೆಲಾದ ರಾಜಧಾನಿ ಕರಾಕಸ್‌ನವರು, 1950ರಿಂದ ವೈಟ್ ಸಾಕ್ಸ್‌ನ ಶಾರ್ಟ್‌ಸ್ಟಾಪ್. 1951ರ ಆಲ್-ಸ್ಟಾರ್ ಪಂದ್ಯವನ್ನು ಆರಂಭದಿಂದ ಆಡಿದ ಮೊದಲ ಲ್ಯಾಟಿನ್ ಅಮೆರಿಕನ್. ನಮ್ಮ ಹುಡುಗನೊಬ್ಬನಿದ್ದಾನೆ, ನೋಡಿ ಎಂದು ಅಪಾರಿಸಿಯೊನ ಹೆಸರನ್ನು ತಂಡಕ್ಕೆ ಹೇಳಿದವರು ಅವರೇ. 1955ರ ಅಕ್ಟೋಬರ್‌ನಲ್ಲಿ ತಂಡ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟಿತು, ಖಾಲಿಯಾದ ಜಾಗದಲ್ಲಿ ಆ ಹುಡುಗ ನಿಂತ, ಮರುವರ್ಷ ಲೀಗಿನ ಶ್ರೇಷ್ಠ ಹೊಸ ಆಟಗಾರನಾದ. ನೀನು ಈ ಸಂಗತಿಯನ್ನು "ಅದೃಷ್ಟವೂ ಕೈಹಿಡಿಯಿತು" ಎಂದು ಮುಗಿಸಿದ್ದೀಯ. ಯಾರ ಅದೃಷ್ಟ, ಮಗು? ಅಪ್ಪ ತಾನಾಗಿ ಜಾಗ ಬಿಟ್ಟುಕೊಟ್ಟದ್ದಕ್ಕೆ ಇಲ್ಲದ ಕಣ್ಣೀರು ಸುರಿಸಿದವನು, ಜಾಗ ಕಳೆದುಕೊಂಡ ಕರಾಸ್ಕೆಲ್ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಪುಸ್ತಕದ ಕೊನೆಯ ಅಧ್ಯಾಯಕ್ಕೂ ಬೆಳಕು ಬರುತ್ತಿತ್ತು. 2010ರಲ್ಲಿ ಅದೇ ದೇಶದ ಒಮರ್ ವಿಸ್ಕೆಲ್ ಷಿಕಾಗೊಗೆ ಬಂದಾಗ, ಯಾರಿಗೂ ಕೊಡಬಾರದೆಂದು ತಂಡ ಎತ್ತಿಟ್ಟಿದ್ದ ತನ್ನ 11ನೇ ಸಂಖ್ಯೆಯ ಅಂಗಿಯನ್ನು ತೊಡಲು ಅಪಾರಿಸಿಯೊ ಒಪ್ಪಿಗೆ ಕೊಟ್ಟ. ಶಾರ್ಟ್‌ಸ್ಟಾಪ್ ಜಾಗದಲ್ಲಿ ಅತಿ ಹೆಚ್ಚು ಪಂದ್ಯವಾಡಿದ ಆತನ ದಾಖಲೆಯನ್ನು 2008ರಲ್ಲಿ ಮುರಿದವನೇ ಈ ವಿಸ್ಕೆಲ್. ಅಪ್ಪನಿಂದ ಪಡೆದದ್ದು, ಕರಾಸ್ಕೆಲ್ ಕಳೆದುಕೊಂಡದ್ದು, ವಿಸ್ಕೆಲ್‌ಗೆ ಕೊಟ್ಟದ್ದು, ಮೂರೂ ಒಂದೇ ಮನೆಯ ಸಂಗತಿಗಳು. ನೀನು ನಡುವಿನ ಕೋಣೆಗೆ ಬೀಗ ಹಾಕಿದ್ದೀಯ.

ಬೈದೆ ಎಂದು ತಿಳಿಯಬೇಡ. ಬೈಯುವುದಾದರೆ ಇಷ್ಟು ಬರೆಯುತ್ತಿರಲಿಲ್ಲ, ಚೆನ್ನಾಗಿದೆ ಎಂದು ಎರಡು ಸಾಲು ಗೀಚಿ ಕಳಿಸುತ್ತಿದ್ದೆ. ಹಾಗೆ ಎಷ್ಟೋ ಜನರಿಗೆ ಕಳಿಸಿದ್ದೇನೆ.

ಬರೆಯುವುದಿಲ್ಲ ಎಂಬ ನಿನ್ನ ಮಾತನ್ನು ಈ ಇನ್ನೂರು ಪುಟಗಳ ಮಟ್ಟಿಗೆ ನಾನು ಒಪ್ಪುವುದಿಲ್ಲ. ಮೊದಲು ಅಕ್ಟೋಬರ್ 2ನ್ನು ಬರೆ. ಬಿದ್ದ ಮೇಲೆ ಏನು ಅನ್ನಿಸಿತು ಎಂದು ಆತನ ತಲೆಯೊಳಗೆ ಹೋಗಬೇಡ. ಜಾರಿದ ಕಾಲು, ಒಂದೇ ಬೇಸಿನ ಮೇಲೆ ನಿಂತ ಇಬ್ಬರು, ಅಷ್ಟು ಸಾಕು. ಪ್ರತಿಮೆಗಳ ನಡುವಿನ ಗಾಳಿಯನ್ನು ಕಂಡವನಿಗೆ ಇದು ಕಷ್ಟವಲ್ಲ. ಮುಂದಿನ ತಿಂಗಳು ಹತ್ತಕ್ಕೆ ನನ್ನ ಬಲಗಣ್ಣಿನ ಪೊರೆ ತೆಗೆಯುತ್ತಾರೆ, ಆಮೇಲೆ ಕೆಲವು ವಾರ ಓದಬಾರದಂತೆ. ಅದಕ್ಕೆ ಮೊದಲು ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ.

ಇಂತಿ,
ನಿನ್ನ ಹಿತೈಷಿ