ಪುಣೆಯಿಂದ ಅಣ್ಣ, ವೈನಿಗೆ

ಪುಣೆ,
ಕಾರ್ತಿಕ ಹುಣ್ಣಿಮೆಯ ಮರುದಿನ

ಅಣ್ಣಾ, ವೈನಿ,

ಇಬ್ಬರಿಗೂ ನಮಸ್ಕಾರ. ನಾವೆಲ್ಲ ಆರಾಮ ಇದ್ದೇವೆ. ನಿಮ್ಮಲ್ಲಿ ತೊಗರಿ ಹೂ ಬಿಟ್ಟಿರಬೇಕು, ಎರೆ ಹೊಲದಲ್ಲಿ ಜೋಳ ಎದ್ದು ನಿಂತಿರಬೇಕು.

ಅಣ್ಣ ಹೋದ ಭಾನುವಾರ ಕೇಳಿದ್ದಕ್ಕೆ ಪತ್ರದಲ್ಲೇ ಉತ್ತರ ಕೊಡುತ್ತೇನೆ ಎಂದಿದ್ದೆ. ಫೋನಿನಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ, ನಡುವೆ ಯಾರಾದರೂ ಬರುತ್ತಾರೆ, ಇಲ್ಲಾ ನೆಟ್‌ವರ್ಕ್ ಹೋಗುತ್ತದೆ. ಬರುವ ವರ್ಷ ರಿಟೈರ್ ಆಗುತ್ತೀಯಲ್ಲ, ಊರಿಗೆ ಬಂದುಬಿಡು, ಹಿತ್ತಲಿನ ಜಾಗ ನಿನಗಂತಲೇ ಬಿಟ್ಟಿದ್ದೇನೆ, ಎರಡು ಕೋಣೆ ಕಟ್ಟಿಸಿಕೊಂಡರೆ ಆಯ್ತು ಎಂದು ನೀನು ಹೇಳಿದೆ. ನಿನಗೆ ನನ್ನ ಮೇಲೆ ಎಷ್ಟು ಜೀವ ಎಂದು ನನಗೆ ಗೊತ್ತಿಲ್ಲವೇ? ಆದರೂ ನಾನು ಪುಣೆಯಲ್ಲೇ ಇರುತ್ತೇನೆ ಅಣ್ಣ. ಬೇಜಾರು ಮಾಡಿಕೊಳ್ಳಬೇಡ, ಯಾಕೆ ಎಂದು ಪೂರ್ತಿ ಓದು.

ನಾನು ಕಾಲೇಜಿನಲ್ಲಿ ಏನು ಕಲಿಸುತ್ತೇನೆ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ನೀನು ‘ಇಂಜಿನಿಯರಿಂಗ್’ ಎಂದು ಹೇಳಿ ಮುಗಿಸುತ್ತೀಯ. ಇನ್ನು ಮೇಲೆ ‘ನಮ್ಮ ಭೀಮೆಯನ್ನು ಕಲಿಸುತ್ತಾಳೆ’ ಎಂದು ಹೇಳು. ನನ್ನ ಕೆಲಸ ಅದೇ. ಎಲ್ಲಿ ಎಷ್ಟು ಮಳೆ ಬಿದ್ದರೆ ನದಿಗೆ ಎಷ್ಟು ನೀರು ಬರುತ್ತದೆ, ಅಣೆಕಟ್ಟಿನ ಬಾಗಿಲು ಎಷ್ಟು ತೆಗೆದರೆ ಕೆಳಗಿನ ಯಾವ ಊರಿಗೆ ಯಾವಾಗ ನೀರು ತಲುಪುತ್ತದೆ, ಈ ಲೆಕ್ಕ. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಪುಸ್ತಕ ತೆಗೆಸುವುದಿಲ್ಲ. ಬೋರ್ಡಿನ ಎಡತುದಿಯಲ್ಲಿ ಭೀಮಾಶಂಕರ ಎಂದು ಬರೆಯುತ್ತೇನೆ, ಬಲತುದಿಯಲ್ಲಿ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆ ಸೇರುವ ಜಾಗ. ನಡುವೆ ಒಂದೇ ಗೆರೆ, 861 ಕಿಲೋಮೀಟರ್. ಆಮೇಲೆ ಒಬ್ಬೊಬ್ಬರೇ ಬಂದು ಕೂಡುವ ನದಿಗಳನ್ನು ಹಾಕಬೇಕು. ಪುಣೆ ದಾಟಿದ ಮೇಲೆ ಮುಳಾ-ಮುಠಾ, ನರಸಿಂಗಪುರದಲ್ಲಿ ನೀರಾ, ಸೋಲಾಪುರದ ಕಡೆ ಸೀನಾ. ನಂತರ ಈ ನದಿಯ ದಂಡೆಯಲ್ಲಿ ಯಾರ ಊರು ಇದೆಯೋ ಅವರು ಒಂದು ಚುಕ್ಕೆ ಇಡಬೇಕು. ದೌಂಡ್, ಪಂಢರಪುರ, ಮಂಗಳವೇಢೆ ಕಡೆಯ ಹುಡುಗರು ಓಡಿ ಬರುತ್ತಾರೆ. ಕೊನೆಗೆ ಗೆರೆಯ ಬಲಗಡೆ ಖಾಲಿ ಉಳಿದಿರುತ್ತದೆ. ಆಗ ನಾನು ಅಫಜಲಪುರದ ಹತ್ತಿರ ನಮ್ಮೂರಿನ ಚುಕ್ಕೆ ಇಟ್ಟು, ಇಲ್ಲಿ ನನ್ನ ಅಣ್ಣ ಇದ್ದಾನೆ, ನೀವು ಮೇಲೆ ಏನು ಮಾಡಿದರೂ ಅವನ ಹೊಲಕ್ಕೆ ಬರುತ್ತದೆ, ಅದನ್ನು ತಲೆಯಲ್ಲಿಟ್ಟುಕೊಂಡು ಲೆಕ್ಕ ಮಾಡಿ ಎನ್ನುತ್ತೇನೆ. ಎಲ್ಲಾ ಬ್ಯಾಚಿನವರಿಗೂ ನಿನ್ನ ಪರಿಚಯ ಇದೆ ಅಣ್ಣ!

ಈ ವಿದ್ಯೆ ಶುರುವಾಗಿದ್ದು ಅಪ್ಪನಿಂದ. ಮಳೆಗಾಲದಲ್ಲಿ ಅಪ್ಪ ದಿನಾ ಹೊಳೆಗೆ ಹೋಗಿ, ಗುಡಿಯ ಎಷ್ಟನೇ ಮೆಟ್ಟಿಲಿಗೆ ನೀರು ಬಂತು ಎಂದು ನೋಡಿ ಪಂಚಾಂಗದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದ. ‘ಐದನೇ ಮೆಟ್ಟಿಲು, ಸಂಜೆ.’ ಅಷ್ಟೇ. ನಾನು ಪಿಎಚ್‌ಡಿ ಮಾಡುವಾಗ ಆ ಪಂಚಾಂಗಗಳ ಕಟ್ಟನ್ನು ಇಲ್ಲಿಗೆ ತಂದಿದ್ದೆ, ಮೆಟ್ಟಿಲುಗಳ ಎತ್ತರ ನೀನೇ ಟೇಪ್ ಹಿಡಿದು ಅಳೆದು ಕಳಿಸಿದ್ದೆ, ನೆನಪಿದೆಯಾ? ಬೇರೆ ಅಳತೆ ಸಿಗದ ವರ್ಷಗಳಿಗೆ ಅಪ್ಪನ ಬರಹವೇ ಆಧಾರ ಆಯ್ತು. ನನ್ನ ಗೈಡ್ ಸರ್ ಪುಟ ತಿರುಗಿಸಿ ನೋಡಿ, ಇವರು ಯಾವ ಇಲಾಖೆಯಲ್ಲಿದ್ದರು ಎಂದು ಕೇಳಿದರು. ರೈತ, ಸರ್, ಎಂದೆ. ಅವತ್ತು ನನಗಾದ ಹೆಮ್ಮೆ ಮುಂದೆ ಪ್ರೊಫೆಸರ್ ಆದ ದಿನವೂ ಆಗಲಿಲ್ಲ.

ಈ ಕೆಲಸಕ್ಕೆ ಪುಣೆಗಿಂತ ಒಳ್ಳೆಯ ಊರು ಯಾವುದಿದೆ ಹೇಳು. ನಮ್ಮ ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಓದಿದ್ದು ಇಲ್ಲೇ, ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಬಂದು 1883ರಲ್ಲಿ ಪಾಸಾದರು. ಊರಿನ ಪಕ್ಕದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲೇ ಅವರ ತಾನೇ ತೆರೆಯುವ ಬಾಗಿಲುಗಳನ್ನು ಮೊದಲು ಕೂರಿಸಿದ್ದು, 1903ರಲ್ಲಿ ಪೇಟೆಂಟ್ ಆದವು. ನೀರು ಒಂದು ಮಟ್ಟ ಮೀರಿದ ಕೂಡಲೇ ಬಾಗಿಲು ತಾನಾಗಿ ಏಳುತ್ತದೆ, ಇಳಿದ ಮೇಲೆ ತಾನಾಗಿ ಮುಚ್ಚುತ್ತದೆ. ಗೋಡೆ ಎತ್ತರಿಸದೇ ಜಾಸ್ತಿ ನೀರು ನಿಲ್ಲಿಸುವ ಉಪಾಯ. ಮುಂದೆ ಕೃಷ್ಣರಾಜಸಾಗರಕ್ಕೂ ಅಂಥ ಬಾಗಿಲು ಬಂದವು. 1916ರಲ್ಲಿ ಶುರುವಾದ ನೀರಿನ ಸಂಶೋಧನಾ ಕೇಂದ್ರವೂ ಈಗ ಖಡಕ್‌ವಾಸ್ಲಾದಲ್ಲೇ ಇದೆ, ನದಿ, ಬಂದರು, ಅಣೆಕಟ್ಟುಗಳ ಮಾದರಿ ಕಟ್ಟಿ ನೀರು ಹರಿಸಿ ನೋಡುತ್ತಾರೆ. ಮೊದಲ ಸಲ ನೋಡಿದಾಗ ನಾನು ಅಲ್ಲಿಂದ ಕದಲಲೇ ಇಲ್ಲ.

ಇನ್ನೊಂದು ಪಾಠವೂ ಇದೇ ಊರಿನದು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಕೆಲಸ ಪೂರ್ತಿ ಆಗುವ ಮೊದಲೇ ನೀರು ತುಂಬಿತ್ತು, ಮಣ್ಣಿನ ಏರಿ ಕುಸಿಯಿತು. ಆ ನೀರಿನ ಹೊಡೆತಕ್ಕೆ ಕೆಳಗಿದ್ದ ಖಡಕ್‌ವಾಸ್ಲಾ ಕೂಡ ಒಡೆದು ಹಳೇ ಪುಣೆಯ ಪೇಟೆಗಳಿಗೆ ನೀರು ನುಗ್ಗಿತು. ಹಿಂದಿನ ರಾತ್ರಿ ಜವಾನರು ಮರಳಿನ ಚೀಲ ಜೋಡಿಸುತ್ತಾ ಏರಿಯನ್ನು ಬೆಳಗಿನವರೆಗೆ ಹಿಡಿದು ನಿಲ್ಲಿಸಿದ್ದರಿಂದ ನೀರು ಹಗಲಲ್ಲಿ ಬಂತು, ಎಷ್ಟೋ ಜೀವ ಉಳಿಯಿತು. ರಾತ್ರಿ ಬಂದಿದ್ದರೆ? ಇದನ್ನು ಹೇಳುವಾಗ ಕ್ಲಾಸಿನಲ್ಲಿ ಯಾರೂ ಮೊಬೈಲ್ ಮುಟ್ಟುವುದಿಲ್ಲ. ನೀರು ಎಷ್ಟು ಬರುತ್ತದೆ ಎಂದು ತಿಳಿದರೆ ಸಾಲದು, ಎಷ್ಟು ಹೊತ್ತಿಗೆ ಬರುತ್ತದೆ ಎನ್ನುವುದೇ ಜೀವ ಉಳಿಸುವುದು. ನನ್ನ ಹುಡುಗರಿಗೆ ಬೇರೆ ಎಲ್ಲ ಮರೆತರೂ ಇದು ಮರೆಯುವುದಿಲ್ಲ.

ಅದು ಸುಮ್ನೆ ಹೇಳುವ ಮಾತಲ್ಲ, 2020ರ ಅಕ್ಟೋಬರ್‌ನಲ್ಲಿ ನೀನೇ ನೋಡಿದ್ದೀಯ. ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು ತುಂಬಿತ್ತು, ಮೇಲಿಂದ ಬಿಡುತ್ತಿದ್ದರು, ನೀರಾ ಮತ್ತು ಸೀನಾ ಕೂಡ ಉಕ್ಕಿದ್ದವು. ನಿನ್ನ ಫೋನು ಬಂದಾಗ ನಾನು ಮತ್ತು ನನ್ನ ಹಳೇ ವಿದ್ಯಾರ್ಥಿ ಆಗಲೇ ಲೆಕ್ಕಕ್ಕೆ ಕೂತಿದ್ದೆವು. ಅವನು ಅಕ್ಕಲಕೋಟೆ ಕಡೆಯ ಕನ್ನಡದ ಹುಡುಗ, ಈಗ ನೀರಾವರಿ ಇಂಜಿನಿಯರ್. ಅವನು ಗಂಟೆಗೊಮ್ಮೆ ಅಂಕಿ ಓದುತ್ತಿದ್ದ, ನಾನು ಹಾಳೆಯ ಮೇಲೆ ಇಳಿಸುತ್ತಿದ್ದೆ. ಡಂಗುರ ನಿಮ್ಮೂರಲ್ಲೂ ಹೊಡೆದಿದ್ದರು, ಆದರೂ ನೀರು ಅಷ್ಟು ಮೇಲೆ ಬರುವುದಿಲ್ಲ ಎಂದು ಜನ ಕೂತಿದ್ದರಲ್ಲ, ಗುಡಿಯ ಹೊಸ್ತಿಲು ದಾಟುತ್ತದೆ ಎಂದು ನಾನು ಹೇಳಿದ ಮೇಲೆ ನೀನು ಮನೆಮನೆಗೆ ಹೋಗಿ ದನ, ಕಾಳಿನ ಚೀಲ ಎಲ್ಲಾ ಶಾಲೆಯ ದಿಬ್ಬಕ್ಕೆ ಸಾಗಿಸಿದೆ. ಬೆಳೆ ಹೋಯ್ತು, ಎರಡು ಓಣಿ ಮುಳುಗಿತು. ಮನುಷ್ಯರು, ದನ ಉಳಿದವು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಬೇಕಾದ ಪ್ರಶಸ್ತಿ ಅದು. ಕಾಲೇಜಿನವರು ಕೊಟ್ಟ ಶಾಲು ಕಪಾಟಿನಲ್ಲಿದೆ.

ಪುಣೆ ಬಗ್ಗೆ ಹೇಳುತ್ತೇನೆ. ಶುರುವಿನಲ್ಲಿ ಕಷ್ಟ ಇತ್ತು, ಇಲ್ಲ ಎನ್ನುವುದಿಲ್ಲ. ಒಂದು ಅಣೆಕಟ್ಟಿನ ಮೇಲೆ ಅಳತೆಗೆ ಹೋದಾಗ ಅಲ್ಲಿನ ಸಾಹೇಬರೊಬ್ಬರು ಹೆಣ್ಣುಮಕ್ಕಳಿಗೆ ಇಲ್ಲೇನು ಕೆಲಸ ಎಂದು ಗೇಟಿನಲ್ಲೇ ನಿಲ್ಲಿಸಿದ್ದರು. ಈಗ ನನ್ನ ಹುಡುಗಿಯರು ಲೈಫ್ ಜಾಕೆಟ್ ಹಾಕಿಕೊಂಡು ದೋಣಿಯಲ್ಲಿ ನದಿಯ ನಡುವೆ ಹೋಗಿ ವೇಗ ಅಳೆದು ಬರುತ್ತಾರೆ. ಸಾವಿತ್ರಿಬಾಯಿ ಫುಲೆ 1848ರಲ್ಲಿ ಹುಡುಗಿಯರ ಶಾಲೆ ತೆರೆದ ಊರಲ್ವಾ ಇದು. ಇಲ್ಲಿ ಓದುವ ಹೆಣ್ಣಿಗೆ ಜಾಗ ಬಿಡುತ್ತಾರೆ. ಮಾತು ನೇರ, ಮುಖಕ್ಕೆ ಹೇಳುತ್ತಾರೆ, ಮೊದಲು ಕೇಳಿದವರಿಗೆ ಒರಟು ಅನಿಸಬಹುದು. ನನಗೆ ಈಗ ಅದೇ ಇಷ್ಟ, ಹಿಂದೆ ಒಂದು ಮುಂದೆ ಒಂದು ಇಲ್ಲ. ಬೆಳಿಗ್ಗೆ ಐದೂವರೆಗೆ ವೇತಾಳ ಟೇಕಡಿ ಹತ್ತಿದರೆ ಊರಿಗೆ ಊರೇ ಅಲ್ಲಿರುತ್ತದೆ, ಎಂಬತ್ತು ದಾಟಿದ ಅಜ್ಜಂದಿರೂ ಇರುತ್ತಾರೆ. ನಿಮ್ಮೂರು ಯಾವುದು ಎಂದು ಕೇಳುತ್ತಾರೆ, ಗಾಣಗಾಪುರದ ಹತ್ತಿರ ಎಂದರೆ ಸಾಕು, ನಿಂತಲ್ಲೇ ಕೈ ಮುಗಿಯುತ್ತಾರೆ. ನಮ್ಮ ದತ್ತ ಮಹಾರಾಜರು ಈ ಊರಿನ ಎಷ್ಟೋ ಮನೆಗಳಿಗೆ ಮನೆದೇವರ ಹಾಗೆ. ನಾನು ಹೊರಗಿನವಳು ಅನ್ನುವ ಮಾತೇ ಅಲ್ಲಿ ಬರುವುದಿಲ್ಲ.

ಕನ್ನಡವೂ ಇಲ್ಲಿ ಕಡಿಮೆ ಇಲ್ಲ. ಕನ್ನಡ ಸಂಘದವರು ದೊಡ್ಡ ದೊಡ್ಡ ಶಾಲೆ ನಡೆಸುತ್ತಾರೆ, ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ಗದಗಿನ ಭೀಮಸೇನ ಜೋಶಿಯವರಂತೂ ಇದೇ ಊರಿನವರಾಗಿ ಬದುಕಿದರು, ಕುಂದಗೋಳದ ಗುರುಗಳ ಹೆಸರಿನಲ್ಲಿ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಶುರು ಮಾಡಿದರು, ಇವತ್ತಿಗೂ ಪುಣೆಯ ಜನ ಚಳಿಯಲ್ಲಿ ಶಾಲು ಹೊದ್ದು ಕೂತು ಕೇಳುತ್ತಾರೆ. ಅವರು ಎರಡೂ ಕಡೆಯವರಾಗಿದ್ದರು, ಯಾರೂ ಅವರನ್ನು ಒಂದನ್ನು ಬಿಡು ಎಂದು ಕೇಳಲಿಲ್ಲ.

ಮನೆಯ ವಿಷಯ. ಅತ್ತೆಯವರ ಬಗ್ಗೆ ನಾನು ನಿಮಗೆ ಸರಿಯಾಗಿ ಹೇಳಿಯೇ ಇಲ್ಲ ಅನಿಸುತ್ತದೆ. ಅವರು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರು. ನನ್ನ ಥೀಸಿಸ್‌ನಲ್ಲಿರುವ ನದಿಯ ನಕ್ಷೆಗಳೆಲ್ಲ ಅವರ ಕೈಯವು. ರಾತ್ರಿ ಊಟ ಆಗಿ, ಮಗಳನ್ನು ಮಲಗಿಸಿ, ಊಟದ ಟೇಬಲ್ ಒರೆಸಿ ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಸುತ್ತಿದ್ದರು. ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ವಾಟಿ ಇಟ್ಟು, ಉಸಿರು ಬಿಗಿಹಿಡಿದು ಒಂದೊಂದೇ ತಿರುವು ಇಂಕಿನಲ್ಲಿ ಎಳೆಯುತ್ತಿದ್ದರು. ಕೈ ಎತ್ತಿದ ಮೇಲೇ ಉಸಿರು ಬಿಡುವುದು. ನಮ್ಮೂರಿನ ಹತ್ತಿರ ಹೊಳೆ ಬಾಗುವಲ್ಲಿ ಮಾತ್ರ ಕೇಳಿದರು, ನಿಮ್ಮ ಮನೆ ಯಾವ ದಂಡೆಗೆ ಎಂದು. ತೋರಿಸಿದೆ. ಅಲ್ಲಿ ಸಣ್ಣದೊಂದು ಮನೆ ಬರೆದರು. ಥೀಸಿಸ್ ನೋಡಿದ ಯಾವ ಪರೀಕ್ಷಕರೂ ಅದನ್ನು ತೆಗೆಯಿರಿ ಎನ್ನಲಿಲ್ಲ. ಈಗ ಅವರಿಗೆ ಕಣ್ಣು ಮಂಜು, ಆದರೂ ನನ್ನ ವಿದ್ಯಾರ್ಥಿಗಳು ಮನೆಗೆ ಬಂದರೆ ನಕ್ಷೆ ತರಿಸಿ ಬೆರಳಾಡಿಸುತ್ತಾರೆ. ಅವರನ್ನು ಬಿಟ್ಟು ನಾನು ಎಲ್ಲಿಗೆ ಬರಲಿ ಹೇಳು?

ಇವರದ್ದು ಗೊತ್ತೇ ಇದೆ, ಮಾತು ಕಡಿಮೆ. ನಾನು ಮಳೆಗಾಲದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದರೂ ಬಿಸಿ ಪಿಠ್ಲ, ಭಾಕ್ರಿ ಸಿಗದ ದಿನ ಇಲ್ಲ. ಮಗಳು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಾಳೆ, ಸೋಲಾಪುರ, ಕಲಬುರಗಿ ಕಡೆಯಿಂದ ಬಂದ ಕನ್ನಡದ ರೋಗಿಗಳನ್ನು ಅವಳ ಹತ್ತಿರವೇ ಕಳಿಸುತ್ತಾರಂತೆ. ಮೊನ್ನೆ ಒಬ್ಬ ಅಜ್ಜಿ ಅವಳ ಕೈ ಹಿಡಿದು ‘ನಮ್ಮವ್ವ’ ಎಂದು ಅತ್ತಳಂತೆ, ಹೇಳುವಾಗ ಇವಳ ಕಣ್ಣಲ್ಲೂ ನೀರು. ಮಗ ನಿನ್ನ ಕೈಯಲ್ಲೇ ಇದ್ದಾನೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ತೊಗರಿ ಮೇಲೆ ಎಂಎಸ್ಸಿ ಮಾಡುತ್ತೇನೆ ಎಂದಾಗ ಇಲ್ಲಿಯ ಸ್ನೇಹಿತರು ಐಟಿ ಬಿಟ್ಟು ಯಾಕೆ ಎಂದರು. ನನಗಂತೂ ಹೋಳಿಗೆ ತಿಂದಷ್ಟು ಖುಷಿ ಆಯ್ತು. ರಜೆ ಬಂದರೆ ಪುಣೆಗೆ ಬರುವ ಬದಲು ನಿನ್ನ ಹೊಲಕ್ಕೆ ಓಡುತ್ತಾನೆ. ಹಿತ್ತಲಿನ ಜಾಗ ಅವನಿಗೆ ಕೊಡು ಅಣ್ಣ, ಬೀಜ ಇಡಲು ಒಂದು ಕೋಣೆ ಕಟ್ಟಿಕೊಳ್ಳಬೇಕು ಎಂದು ಅವನು ನಿನ್ನ ಹತ್ತಿರ ಕೇಳಲು ನಾಚುತ್ತಿದ್ದಾನೆ.

ನಾನು ಇಲ್ಲಿ ಉಳಿಯಲು ದೊಡ್ಡ ಕಾರಣ ಇನ್ನೊಂದಿದೆ. ಮುಠಾ ನದಿ ಖಡಕ್‌ವಾಸ್ಲಾದಿಂದ ಚೆನ್ನಾಗಿಯೇ ಹೊರಡುತ್ತದೆ, ಊರು ದಾಟುವಷ್ಟರಲ್ಲಿ ಕೊಳಚೆ ಆಗಿರುತ್ತದೆ. ಅದೇ ನೀರು ಭೀಮೆಗೆ, ಉಜನಿಗೆ, ಮುಂದೆ ನಿಮ್ಮ ಕಡೆಗೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಈ ಊರು ನನ್ನದು, ಅದಕ್ಕೇ ಕೇಳುವ ಹಕ್ಕು ನನಗಿದೆ. ರಿಟೈರ್ ಆದಮೇಲೆ ಹಳೇ ವಿದ್ಯಾರ್ಥಿಗಳ ಜೊತೆ ಸೇರಿ ಮುಳಾ, ಮುಠಾ ಕೂಡುವ ಸಂಗಮದಿಂದ ದೌಂಡ್‌ವರೆಗೆ ತಿಂಗಳಿಗೊಮ್ಮೆ ನೀರು ಪರೀಕ್ಷೆ ಮಾಡಿ, ಅಂಕಿ ಎಲ್ಲರಿಗೂ ಕಾಣುವ ಹಾಗೆ ಬರೆದಿಡಬೇಕು ಎಂದು ಮಾತಾಗಿದೆ. ಬಾಟಲಿ, ಕಿಟ್ ಎಲ್ಲಾ ತಂದಾಗಿದೆ. ಊರಿಗೆ ಬಂದು ಕೂತರೆ ನಾನು ನೀರು ಬಂದ ಮೇಲೆ ನೋಡಬೇಕು. ಇಲ್ಲಿದ್ದರೆ ಬರುವ ಮೊದಲೇ ಏನಾದರೂ ಮಾಡಬಹುದು. ನಿನ್ನ ತಂಗಿ ಮೇಲಿನ ದಂಡೆಯಲ್ಲಿ ಕಾವಲಿದ್ದಾಳೆ ಎಂದು ತಿಳಿದುಕೋ.

ಎಳ್ಳ ಅಮಾವಾಸ್ಯೆಗೆ ನಾವು ಖಂಡಿತ ಬರುತ್ತೇವೆ, ಅತ್ತೆಯವರೂ ಬರುತ್ತಾರೆ, ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ಕಡುಬು ತಿನ್ನಬೇಕಂತೆ. ಅದಕ್ಕೂ ಮೊದಲು ಸವಾಯಿಗೆ ನೀವಿಬ್ಬರೂ ಇಲ್ಲಿಗೆ ಬರಬೇಕು. ಡಿಸೆಂಬರ್‌ನ ತಾರೀಖು ಗೊತ್ತಾದ ಕೂಡಲೇ ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ನಾನೇ ಬುಕ್ ಮಾಡುತ್ತೇನೆ, ಅಣ್ಣನಿಗೆ ಕೆಳಗಿನ ಬರ್ತ್. ಹೊಲದ ಕೆಲಸ ಎಂದು ನೆಪ ಹೇಳಬೇಡ, ಆ ನಾಲ್ಕು ದಿನ ನಿನ್ನ ಅಳಿಯ ನೋಡಿಕೊಳ್ಳುತ್ತಾನೆ, ನಾನು ಅವನ ಹತ್ತಿರ ಮಾತಾಡಿದ್ದೇನೆ. ವೈನಿ, ಕಟಕ ರೊಟ್ಟಿ ಮತ್ತು ಗುರೆಳ್ಳು ಹಿಂಡಿ ಜಾಸ್ತಿ ತನ್ನಿ, ನಮ್ಮ ಡಿಪಾರ್ಟ್‌ಮೆಂಟಿನವರೆಲ್ಲ ಈಗಲೇ ಪಾಲು ಕೇಳುತ್ತಿದ್ದಾರೆ. ಸ್ವೆಟರ್ ಮರೆಯಬೇಡಿ.

ನಿಮ್ಮ ತಂಗಿ